ಬರುವಾಗಿನ ನಡೆ, ಹೋಗುವಾಗಿನ ನಡೆ: ತಂತಿವಾದ್ಯಗಳ ಸೆರೆನೇಡ್ ಕಟ್ಟಿದ ಬಗೆ

1781ರ ಅಕ್ಟೋಬರ್ 31, ವಿಯೆನ್ನಾ. ರಾತ್ರಿ ಹನ್ನೊಂದು ಗಂಟೆ. ಇಪ್ಪತ್ತೈದರ ಹರೆಯದ ವೋಲ್ಫ್‌ಗಾಂಗ್ ಮೊಜಾರ್ಟ್ ಇನ್ನೇನು ಬಟ್ಟೆ ಬದಲಿಸಿ ಮಲಗಬೇಕು, ಅಷ್ಟರಲ್ಲಿ ಕೆಳಗಿನ ಅಂಗಳದಿಂದ ವಾದ್ಯಗಳ ದನಿ ಎದ್ದಿತು. ಎರಡು ಕ್ಲಾರಿನೆಟ್, ಎರಡು ಹಾರ್ನ್, ಎರಡು ಬಸೂನ್. ಅಂದು ಸಂತ ವೋಲ್ಫ್‌ಗಾಂಗನ ಹಬ್ಬ, ಎಂದರೆ ಮೊಜಾರ್ಟನ ಹೆಸರಿನ ದಿನ. ಆರು ಮಂದಿ ಬೀದಿ ಬಾಗಿಲು ತೆಗೆಸಿಕೊಂಡು ಒಳಗೆ ಬಂದು, ಅಂಗಳದ ನಡುವೆ ನಿಂತು, ಆತ ಬರೆದ ಸೆರೆನೇಡನ್ನು ಆತನಿಗೇ ನುಡಿಸುತ್ತಿದ್ದರು. ಅದಕ್ಕೆ ಎರಡು ವಾರ ಮುಂಚೆ, ಸಂತ ತೆರೇಸಾಳ ಹಬ್ಬದ ರಾತ್ರಿ, ಅದೇ ಕೃತಿ ಊರಿನ ಮೂರು ಕಡೆ ಕೇಳಿಸಿತ್ತು. ಒಂದು ಮನೆಯಲ್ಲಿ ಮುಗಿಯುತ್ತಿದ್ದಂತೆ ವಾದಕರನ್ನು ಮತ್ತೊಂದು ಮನೆಗೆ ಕರೆದೊಯ್ದು, ಅಲ್ಲಿಯೂ ಕಾಸು ಕೊಟ್ಟು ನುಡಿಸಿದ್ದರು. ನವೆಂಬರ್ 3ರಂದು ತಂದೆಗೆ ಬರೆದ ಕಾಗದದಲ್ಲಿ ಮೊಜಾರ್ಟ್ ಇದನ್ನೆಲ್ಲ ಖುಷಿಯಿಂದ ವರದಿ ಮಾಡಿದ್ದಾನೆ.

ಹದಿನೆಂಟನೇ ಶತಮಾನದ ಆಸ್ಟ್ರಿಯಾದಲ್ಲಿ ಸೆರೆನೇಡ್ ಎಂದರೆ ಇದೇ. ಯಾರದೋ ಗೌರವಕ್ಕೆಂದು ಸಂಜೆಯೋ ರಾತ್ರಿಯೋ ವಾದಕರು ಬರುತ್ತಾರೆ, ನಿಂತು ನುಡಿಸುತ್ತಾರೆ, ಹೊರಟುಹೋಗುತ್ತಾರೆ. ಸಿಂಫನಿಗಾಗಲೀ ಸೊನಾಟಾಗಾಗಲೀ ಇಂಥ ಹಂಗಿಲ್ಲ, ಅವು ಆರಂಭವಾಗುವ ಹೊತ್ತಿಗೆ ಎಲ್ಲರೂ ಕುಳಿತಿರುತ್ತಾರೆ. ಸೆರೆನೇಡಿಗೆ ಮಾತ್ರ ಬರುವುದು ಮತ್ತು ಹೋಗುವುದು ಕೃತಿಯ ಭಾಗವೇ ಆಗಿತ್ತು. ಮುಂದೆ ಅದು ಬೀದಿ ಬಿಟ್ಟು ಸಭಾಂಗಣ ಸೇರಿತು; ವಾದಕರು ಕುರ್ಚಿ ಹಿಡಿದರು. ಆದರೂ ಆ ನಡಿಗೆಯ ಗುರುತು ಕೃತಿಗಳ ಕಟ್ಟಡದಲ್ಲಿ ಉಳಿದುಕೊಂಡಿತು. ತಂತಿವಾದ್ಯಗಳಿಗೆಂದೇ ಬರೆದ ಪ್ರಸಿದ್ಧ ಸೆರೆನೇಡ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲು ಮೊಜಾರ್ಟನ ಹುಟ್ಟೂರು ಸಾಲ್ಸ್‌ಬರ್ಗಿಗೆ ಹೋಗೋಣ. ಅಲ್ಲಿನ ವಿಶ್ವವಿದ್ಯಾಲಯದ ವರ್ಷ ಮುಗಿಯುತ್ತಿದ್ದುದು ಆಗಸ್ಟಿನಲ್ಲಿ. ಆಗ ವಿದ್ಯಾರ್ಥಿಗಳು ವಾದ್ಯವೃಂದ ಕಟ್ಟಿಕೊಂಡು ಮೊದಲು ಆರ್ಚ್‌ಬಿಷಪ್ಪನ ಬೇಸಿಗೆ ಅರಮನೆ ಮಿರಾಬೆಲ್‌ಗೆ, ಆಮೇಲೆ ಪ್ರಾಧ್ಯಾಪಕರ ಮುಂದೆ ನುಡಿಸಲು ವಿಶ್ವವಿದ್ಯಾಲಯದ ಬಯಲಿಗೆ ಸಾಗುವ ಪದ್ಧತಿಯಿತ್ತು. ಈ ಸಂಗೀತಕ್ಕೆ ‘ಫಿನಾಲ್‌ಮೂಸಿಕ್’ ಎಂದು ಹೆಸರು. ದಾರಿಯಲ್ಲಿ ನುಡಿಸಲು ಒಂದು ಮಾರ್ಚ್ ಬೇಕು, ನಿಂತಾಗ ನುಡಿಸಲು ಹಲವು ಭಾಗಗಳ ದೊಡ್ಡ ಕೃತಿ ಬೇಕು, ಹೊರಡುವಾಗ ಮತ್ತೆ ಮಾರ್ಚ್ ಬೇಕು. ನಮ್ಮಲ್ಲಿ ಮದುವೆ ದಿಬ್ಬಣದ ಜೊತೆ ಬರುವ ಓಲಗದವರು ದಾರಿಗೊಂದು, ಚಪ್ಪರಕ್ಕೊಂದು ನುಡಿಸುವಂತೆಯೇ ಇಲ್ಲಿಯೂ ನಡೆಯುವ ಸಂಗೀತ ಬೇರೆ, ನಿಂತ ಸಂಗೀತ ಬೇರೆ.

1776ರ ಜುಲೈನಲ್ಲಿ ಸಾಲ್ಸ್‌ಬರ್ಗಿನ ಹಾಫ್ನರ್ ಮನೆತನದ ಮದುವೆಗೆ ಮೊಜಾರ್ಟ್ ಬರೆದ ಸೆರೆನೇಡಿನಲ್ಲಿ ಎಂಟು ಭಾಗಗಳಿವೆ. ಮಾರ್ಚ್ ಆ ಎಂಟರ ಲೆಕ್ಕಕ್ಕೆ ಸೇರದೆ ಪ್ರತ್ಯೇಕವಾಗಿದೆ. ಮೊಜಾರ್ಟನ ಕೃತಿಗಳಿಗೆ ಕ್ರಮಸಂಖ್ಯೆ ಕೊಟ್ಟ ಕೋಹೆಲ್ ಪಟ್ಟಿಯಲ್ಲಿ ಸೆರೆನೇಡಿನ ಸಂಖ್ಯೆ 250, ಮಾರ್ಚಿನದು 249. ಎಂಟು ಭಾಗಗಳಲ್ಲಿ ಮೂರು ಹೆಚ್ಚುಕಡಿಮೆ ಒಂದು ಪಿಟೀಲು ಕಛೇರಿಯೇ. ಮಿನ್ಯುಯೆಟ್ ಎಂಬ ಮೂರು ಎಣಿಕೆಯ ನೃತ್ಯ ಮೂರು ಸಲ ಬರುತ್ತದೆ. ಅತಿಥಿಗಳು ಉಣ್ಣುತ್ತ, ಹರಟುತ್ತ, ಆಗೀಗ ಕಿವಿಗೊಡುವ ಸಂಗೀತವಿದು. ಎಲ್ಲಿಂದ ಕೇಳಲು ತೊಡಗಿದರೂ ನಷ್ಟವಿಲ್ಲ.

ಅದೇ 1776ರ ಜನವರಿಯಲ್ಲಿ ಬರೆದ ‘ಸೆರೆನಾಟಾ ನೊಟ್ಟುರ್ನಾ’ ಇನ್ನೊಂದು ಜಾತಿಯದು. ತಂತಿವಾದ್ಯಗಳಿಗೆ ಜೊತೆಯಾಗಿ ಟಿಂಪಾನಿ ಎಂಬ ನಗಾರಿ ಇದೆ. ಒಟ್ಟು ಮೂರೇ ಭಾಗ. ಸಾಲ್ಸ್‌ಬರ್ಗಿನ ಜನವರಿ ಚಳಿಯಲ್ಲಿ ಬಯಲಲ್ಲಿ ನಿಂತು ಪಿಟೀಲು ಶ್ರುತಿ ಮಾಡಿಕೊಳ್ಳುವುದು ಯಾರಿಗೂ ಆಗದ ಮಾತು, ಹಾಗಾಗಿ ಇದು ಒಳಾಂಗಣದ ಸಂಗೀತವೇ ಇರಬೇಕು. ಆದರೆ ಮೊದಲ ಭಾಗದ ಹೆಸರೇ ‘ಮಾರ್ಚಿಯಾ’. ಹೊರಗೆ ಪ್ರತ್ಯೇಕವಾಗಿದ್ದ ಮಾರ್ಚ್ ಈಗ ಕೃತಿಯ ಒಳಗೇ ಬಂದು ಕುಳಿತಿದೆ. ಇನ್ನೊಂದು ಸೂಕ್ಷ್ಮವೂ ಇದೆ. ವಾದಕರು ಎರಡು ಗುಂಪಾಗಿರುತ್ತಾರೆ. ಮುಂದಿನ ಚಿಕ್ಕ ಗುಂಪಿನಲ್ಲಿ ಎರಡು ಪಿಟೀಲು, ಒಂದು ವಿಯೋಲಾ, ಒಂದು ಡಬಲ್ ಬಾಸ್ ಇದ್ದು ಚೆಲ್ಲೊ ಇಲ್ಲ. ಚೆಲ್ಲೊ ಕುಳಿತೇ ನುಡಿಸಬೇಕಾದ ವಾದ್ಯ. ನಿಂತು ನುಡಿಸುವ ತಂಡದ ಅಭ್ಯಾಸ ಇಲ್ಲಿಯೂ ಉಳಿದಿದೆ.

ಮೊಜಾರ್ಟ್ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಟೈಟಾನ್ ವಾಚಿನ ಜಾಹೀರಾತಿನ ಧಾಟಿ. ಅದು ಆತನ 25ನೇ ಸಿಂಫನಿಯದು. ಅದನ್ನು ಬಿಟ್ಟರೆ ಜಗತ್ತಿನ ಕಿವಿಗೆ ಅತಿ ಹೆಚ್ಚು ಬಿದ್ದಿರುವುದು ‘ಐನೆ ಕ್ಲೈನೆ ನಾಖ್ಟ್‌ಮೂಸಿಕ್’ ಎಂಬ ಸೆರೆನೇಡ್. ಕೋಹೆಲ್ ಸಂಖ್ಯೆ 525. ತನ್ನ ಕೃತಿಗಳನ್ನು ತಾನೇ ದಾಖಲಿಸುತ್ತಿದ್ದ ಪುಸ್ತಕದಲ್ಲಿ ಮೊಜಾರ್ಟ್ ಇದರ ಎದುರು 1787ರ ಆಗಸ್ಟ್ 10 ಎಂದು ದಿನಾಂಕ ಹಾಕಿದ್ದಾನೆ. ಆಗ ‘ಡಾನ್ ಜಿಯೋವಾನಿ’ ಆಪೆರಾದ ಕೆಲಸ ನಡೆಯುತ್ತಿತ್ತು. ಈ ಸೆರೆನೇಡನ್ನು ಯಾರಿಗಾಗಿ ಬರೆದ ಎಂಬುದಕ್ಕೆ ದಾಖಲೆಯಿಲ್ಲ.

ಇದರ ಮೊದಲ ನಾಲ್ಕು ಬಾರ್‌ಗಳನ್ನು (ತಾಳದ ನಾಲ್ಕು ಆವರ್ತಗಳನ್ನು) ಸ್ವರ ಹಾಕಿಕೊಂಡು ನೋಡಬಹುದು. ಕೃತಿಯ ಶ್ರುತಿ ‘ಜಿ’. ಅದನ್ನು ಷಡ್ಜ ಎಂದಿಟ್ಟುಕೊಂಡರೆ ಮೊದಲ ಸಾಲು ‘ಸ, ಪ ಸ, ಪ ಸ ಪ ಸ ಗ ಪ’. ಮಂದ್ರದ ಪಂಚಮ ಮುಟ್ಟಿ ಮುಟ್ಟಿ ಷಡ್ಜಕ್ಕೆ ಬಂದು, ಕೊನೆಗೆ ಮಧ್ಯದ ಪಂಚಮಕ್ಕೆ ಜಿಗಿಯುತ್ತದೆ. ಅದಕ್ಕೆ ಉತ್ತರವಾಗಿ ಎರಡನೇ ಸಾಲು ‘ಮ, ರಿ ಮ, ರಿ ಮ ರಿ ನಿ ರಿ ಪ’ ಎಂದು ಕೆಳಗಿಳಿದು ಮಂದ್ರ ಪಂಚಮದಲ್ಲಿ ನಿಲ್ಲುತ್ತದೆ. ಲಯ ಎರಡಕ್ಕೂ ಒಂದೇ. ಒಂದು ಏರಿದರೆ ಮತ್ತೊಂದು ಇಳಿಯುತ್ತದೆ. ಎಲ್ಲ ತಂತಿವಾದ್ಯಗಳೂ ಇದನ್ನು ಒಟ್ಟಿಗೆ, ಬೇರೆ ಬೇರೆ ಸ್ಥಾಯಿಗಳಲ್ಲಿ, ಒಂದೇ ಸ್ವರಸಾಲಾಗಿ ನುಡಿಸುತ್ತವೆ. ಹಿಮ್ಮೇಳವೇ ಇಲ್ಲ. ಬಾಗಿಲ ಬಳಿ ನಿಂತು ಕೂಗಿ ಕರೆಯುವ ದನಿ ಅದು. ಐದನೇ ಬಾರಿನಲ್ಲಿ ಎರಡನೇ ಪಿಟೀಲುಗಳು ಚುರುಕಾಗಿ ಕಮಾನು ಆಡಿಸತೊಡಗಿದಾಗಲೇ ನಿಜವಾದ ಹಾಡು ಹೊರಡುವುದು.

ಅಲ್ಲಿಂದ ಮುಂದೆ ‘ಸೊನಾಟಾ ರೂಪ’ ಎನ್ನುವ ಕಟ್ಟಡ. ನಮ್ಮ ಕಛೇರಿಯಲ್ಲಿ ತಂಬೂರಿಯ ಷಡ್ಜ ಆರಂಭದಿಂದ ಮಂಗಳದವರೆಗೆ ಕದಲುವುದಿಲ್ಲ. ಪಾಶ್ಚಾತ್ಯರಲ್ಲಿ ಷಡ್ಜವೇ ಪ್ರಯಾಣ ಹೋಗುತ್ತದೆ. ಇಲ್ಲಿ ಮೊದಲ ಹಾಡು ‘ಜಿ’ ಶ್ರುತಿಯಲ್ಲಿ ಬಂದ ಮೇಲೆ ಸಂಗೀತ ನಿಧಾನವಾಗಿ ಅದರ ಪಂಚಮವಾದ ‘ಡಿ’ಗೆ ಸರಿದು, ಅದನ್ನೇ ಹೊಸ ಷಡ್ಜ ಮಾಡಿಕೊಂಡು ಮೆಲುವಾದ ಎರಡನೇ ಹಾಡು ಹಾಡುತ್ತದೆ. ನಡುವೆ ಇಪ್ಪತ್ತು ಬಾರ್‌ಗಳಷ್ಟು ಚಿಕ್ಕ ಅಲೆದಾಟ. ಆಮೇಲೆ ಆ ಮೊದಲಿನ ಕೂಗು ಮತ್ತೆ ಕೇಳುತ್ತದೆ; ಈ ಸಲ ಎರಡನೇ ಹಾಡೂ ಮನೆಯ ‘ಜಿ’ ಶ್ರುತಿಯಲ್ಲೇ ಬರುತ್ತದೆ. ಹೊರಟು, ದೂರ ಹೋಗಿ, ಮರಳುವುದು ಒಂದೇ ಭಾಗದೊಳಗೆ ಆರು ನಿಮಿಷದಲ್ಲಿ ಮುಗಿಯುತ್ತದೆ.

ಇಂದು ಕೇಳಿಬರುವುದು ನಾಲ್ಕು ಭಾಗ: ವೇಗದ ಅಲೆಗ್ರೊ, ನಿಧಾನದ ರೊಮಾನ್ಸ್, ಮಿನ್ಯುಯೆಟ್, ಕೊನೆಗೆ ಪಲ್ಲವಿ ಮರಳಿ ಮರಳಿ ಬರುವ ರೊಂಡೊ. ಆದರೆ ಮೊಜಾರ್ಟನ ಪುಸ್ತಕದಲ್ಲಿರುವುದು ಐದು. ಅಲೆಗ್ರೊ ಆದಮೇಲೆ ಇನ್ನೊಂದು ಮಿನ್ಯುಯೆಟ್ ಇತ್ತು, ಅದು ಕಳೆದುಹೋಗಿದೆ. ಇದು ಬರೀ ಒಂದು ಹಾಳೆಯ ನಷ್ಟವಲ್ಲ. ಐದೂ ಭಾಗ ಇದ್ದಿದ್ದರೆ ರೊಮಾನ್ಸ್ ನಟ್ಟನಡುವೆ, ಅದರ ಆಚೀಚೆ ಒಂದೊಂದು ಮಿನ್ಯುಯೆಟ್, ಎರಡು ತುದಿಗಳಲ್ಲಿ ಒಂದೊಂದು ವೇಗದ ಭಾಗ. ಮಡಚಿದರೆ ಒಂದರ ಮೇಲೊಂದು ಕೂರುವ ಜೋಡಣೆ. ಬಂದ ದಾರಿಯಲ್ಲೇ ಹಿಂದಿರುಗುವ ನಕ್ಷೆ ಕೃತಿಯ ಒಟ್ಟು ಆಕಾರದಲ್ಲಿಯೂ ಇತ್ತು. ಒಂದು ಮಿನ್ಯುಯೆಟ್ ಬಿದ್ದುಹೋದ ಮೇಲೆ ಅದು ಪುಟ್ಟ ಸಿಂಫನಿಯಂತೆ ಕಾಣತೊಡಗಿತು.

ಹತ್ತೊಂಬತ್ತನೇ ಶತಮಾನದಲ್ಲಿ ಅರಮನೆಯ ಔತಣಗಳು ಕಡಿಮೆಯಾಗಿ ಟಿಕೆಟ್ ಕೊಂಡು ಬರುವ ಕೇಳುಗರು ಹೆಚ್ಚಾದರು. ಬಯಲಿಗೆ ತಕ್ಕ ಜೋರುದನಿ ಈಗ ಬೇಡವಾಯಿತು. ಸಂಗೀತಗಾರರು ಸೆರೆನೇಡ್ ಎಂಬ ಹೆಸರನ್ನು ಬೇರೆ ಅನುಕೂಲಕ್ಕೆ ಬಳಸಿಕೊಂಡರು. ಬೀತೊವನ್ ಆದಮೇಲೆ ಸಿಂಫನಿ ಬರೆಯುವುದೆಂದರೆ ದೊಡ್ಡ ಹೊರೆ. ಸೆರೆನೇಡ್ ಎಂದುಬಿಟ್ಟರೆ ಆ ಹೊರೆಯಿಲ್ಲ.

ಚೆಕ್ ಸಂಗೀತಗಾರ ಆಂಟೊನಿನ್ ದ್ವೊರ್ಝಾಕ್ ತನ್ನ ಇ ಮೇಜರ್ ಸೆರೆನೇಡನ್ನು 1875ರ ಮೇ 3ರಿಂದ 14ರೊಳಗೆ, ಹನ್ನೆರಡು ದಿನದಲ್ಲಿ ಬರೆದು ಮುಗಿಸಿದ. ಅದೇ ವರ್ಷ ಆಸ್ಟ್ರಿಯಾ ಸರಕಾರದಿಂದ ಬಡ ಕಲಾವಿದರಿಗೆ ಕೊಡುವ 400 ಗುಲ್ಡನ್ ವೇತನ ಸಿಕ್ಕಿ ಕೈ ಸ್ವಲ್ಪ ಸಡಿಲವಾಗಿತ್ತು. ಪ್ರಾಗ್‌ನ ರಂಗಮಂದಿರದ ವಾದ್ಯವೃಂದದಲ್ಲಿ ವರ್ಷಗಟ್ಟಲೆ ವಿಯೋಲಾ ನುಡಿಸಿದ್ದವನಿಗೆ ತಂತಿವಾದ್ಯಗಳ ಒಳಗುಟ್ಟು ಗೊತ್ತಿತ್ತು. ಕೃತಿ ತೊಡಗುವುದೇ ವಿಯೋಲಾಗಳ ಮೆಲ್ಲನೆಯ ಮಿಡಿತದಿಂದ. ಅದರ ಮೇಲೆ ಎರಡನೇ ಪಿಟೀಲು ಮತ್ತು ಚೆಲ್ಲೊ ಒಂದೇ ಹಾಡನ್ನು ಕೈಯಿಂದ ಕೈಗೆ ಕೊಟ್ಟುಕೊಳ್ಳುತ್ತವೆ. ಸಾಮಾನ್ಯವಾಗಿ ಮೆರೆಯುವ ಮೊದಲ ಪಿಟೀಲುಗಳು ಆಗ ಕಾಯುತ್ತಿರುತ್ತವೆ. ಮುಂದೆ ವಾಲ್ಟ್ಸ್, ಸ್ಕೆರ್ಟ್ಸೊ, ನಿಧಾನದ ಲಾರ್ಗೆಟ್ಟೊ, ಓಡುವ ಫಿನಾಲೆ, ಒಟ್ಟು ಐದು ಭಾಗ. ಕೊನೆಯ ಭಾಗದ ಓಟದ ನಡುವೆ ಲಾರ್ಗೆಟ್ಟೊದ ಹಾಡು ಒಮ್ಮೆ ನೆನಪಾಗುತ್ತದೆ. ಮುಗಿಯುವ ಮುನ್ನ ಆ ಮೊದಲ ಹಾಡು, ವಿಯೋಲಾದ ಮಿಡಿತದ ಸಮೇತ, ವಾಪಸು ಬರುತ್ತದೆ. ಆಮೇಲೆ ಕೆಲವೇ ಕ್ಷಣಗಳ ದೌಡು, ಮುಕ್ತಾಯ.

ಈ ಮರಳುವಿಕೆಗೂ ಹಳೆಯ ಮೆರವಣಿಗೆಗೂ ಏನು ಸಂಬಂಧ ಎಂದು ಕೇಳಿದರೆ ದ್ವೊರ್ಝಾಕನೇ 1878ರಲ್ಲಿ ಉತ್ತರ ಕೊಟ್ಟಿದ್ದಾನೆ. ಆ ವರ್ಷ ಗಾಳಿವಾದ್ಯಗಳನ್ನು ಮುಖ್ಯವಾಗಿಟ್ಟು ಬರೆದ ಡಿ ಮೈನರ್ ಸೆರೆನೇಡ್ ಮಾರ್ಚಿನಿಂದಲೇ ಆರಂಭವಾಗುತ್ತದೆ, ಕೊನೆಯ ಭಾಗದಲ್ಲಿ ಅದೇ ಮಾರ್ಚ್ ತಿರುಗಿ ಬರುತ್ತದೆ. ಸಾಲ್ಸ್‌ಬರ್ಗಿನ ವಿದ್ಯಾರ್ಥಿಗಳು ಕೇಳಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದರು.

ಈ ಮಾದರಿಯನ್ನು ಅದರ ತುತ್ತತುದಿಗೆ ಒಯ್ದವನು ರಷ್ಯದ ಪ್ಯೋತರ್ ಇಲ್ಯಿಚ್ ಚೈಕೋವ್‌ಸ್ಕಿ. 1880ರ ಶರತ್ಕಾಲದಲ್ಲಿ ನಲವತ್ತರ ಚೈಕೋವ್‌ಸ್ಕಿ ಇಂದಿನ ಉಕ್ರೇನಿನಲ್ಲಿರುವ ಕಾಮೆಂಕಾದಲ್ಲಿ, ತಂಗಿಯ ಮನೆಯಲ್ಲಿದ್ದ. ಮೇಜಿನ ಮೇಲೆ ಒಟ್ಟಿಗೆ ಎರಡು ಕೆಲಸ. ಒಂದು, ಮಾಸ್ಕೋದ ವಸ್ತುಪ್ರದರ್ಶನಕ್ಕೆಂದು ಹೇಳಿ ಬರೆಸಿದ ‘1812’ ಓವರ್ಚರ್, ಫಿರಂಗಿ ಮತ್ತು ಗಂಟೆಗಳ ಅಬ್ಬರದ ಕೃತಿ. ಇನ್ನೊಂದು, ಯಾರೂ ಕೇಳದೆ ಬರೆಯತೊಡಗಿದ ತಂತಿವಾದ್ಯಗಳ ಸೆರೆನೇಡ್. ಸಿಂಫನಿಯೋ ತಂತಿ ಪಂಚಕವೋ ಎಂದು ತಿಳಿಯದೆ ಆರಂಭಿಸಿದ್ದು ಹೀಗೆ ರೂಪ ತಳೆಯಿತು. ತನ್ನ ಪೋಷಕಿ ನದೆಝ್ದಾ ಫಾನ್ ಮೆಕ್‌ಗೆ ಬರೆದ ಕಾಗದದಲ್ಲಿ ಓವರ್ಚರಿನಲ್ಲಿ ಗದ್ದಲವೇ ಹೆಚ್ಚು, ಅದನ್ನು ಪ್ರೀತಿಯಿಲ್ಲದೆ ಬರೆದೆ, ಸೆರೆನೇಡಾದರೋ ಒಳಗಿನ ಒತ್ತಾಯದಿಂದ ಬಂದದ್ದು ಎಂಬರ್ಥದ ಮಾತು ಹೇಳಿಕೊಂಡಿದ್ದಾನೆ. ಪಕ್ಕಪಕ್ಕದಲ್ಲಿ ಹುಟ್ಟಿದ ಇವೆರಡರ ಓಪಸ್ ಸಂಖ್ಯೆಯೂ ಪಕ್ಕಪಕ್ಕದಲ್ಲೇ ಇದೆ: ಸೆರೆನೇಡ್ 48, ಓವರ್ಚರ್ 49.

ಮೊದಲ ಭಾಗ ಮೊಜಾರ್ಟನಿಗೆ ಸಲ್ಲಿಸಿದ ಕಾಣಿಕೆ, ಬೇಕೆಂದೇ ಆತನ ಶೈಲಿಯನ್ನು ಅನುಸರಿಸಿದ್ದು ಎಂದು ಚೈಕೋವ್‌ಸ್ಕಿಯೇ ಹೇಳಿದ್ದಾನೆ. ಹೆಸರು ‘ಸೊನಾಟಿನಾ ರೂಪದ ತುಣುಕು’. ಸೊನಾಟಾ ರೂಪದಿಂದ ನಡುವಿನ ಅಲೆದಾಟವನ್ನು ತೆಗೆದುಹಾಕಿದರೆ ಸೊನಾಟಿನಾ: ಎರಡು ಹಾಡುಗಳು ಬರುತ್ತವೆ, ಅವೇ ತಿರುಗಿ ಬರುತ್ತವೆ, ಅಷ್ಟೆ. ಆದರೆ ಅದಕ್ಕೂ ಮುಂಚೆ ಒಂದು ಗಂಭೀರ ಪೀಠಿಕೆಯಿದೆ. ತಂತಿಗಳೆಲ್ಲ ಪೂರ್ಣ ಕಮಾನಿನಲ್ಲಿ, ಒಂದೊಂದು ವಾದ್ಯವೂ ಎರಡೆರಡು ತಂತಿ ಹಿಡಿದು, ಆರ್ಗನ್ನಿನಂಥ ಭಾರದ ನಾದ ಎಬ್ಬಿಸುತ್ತವೆ. ಮೇಲಿನ ಸ್ವರಗಳು ಮೆಟ್ಟಿಲಿಳಿದಂತೆ ಅವರೋಹಣದಲ್ಲಿ ಕೆಳಗೆ ಬರುತ್ತವೆ. ಬಳಿಕ ಹಗುರ ನಡೆಯ ಮೊದಲ ಹಾಡು. ಅದಾದ ಮೇಲೆ ಚಿಮ್ಮುವ ಚಿಕ್ಕ ಸ್ವರಗಳ ಎರಡನೆಯದು, ಪೂರಾ ಮೊಜಾರ್ಟನ ಚೇಷ್ಟೆ. ಎಲ್ಲ ಮುಗಿಯಿತೆನ್ನುವಾಗ ಆ ಗಂಭೀರ ಪೀಠಿಕೆ ಮತ್ತೆ ಬಂದು ಭಾಗವನ್ನು ಮುಚ್ಚುತ್ತದೆ.

ಎರಡನೆಯದು ವಾಲ್ಟ್ಸ್. ಮೊಜಾರ್ಟನ ಕಾಲದ ಮಿನ್ಯುಯೆಟ್ ಇರಬೇಕಾದ ಜಾಗದಲ್ಲಿ ಚೈಕೋವ್‌ಸ್ಕಿ ತನ್ನ ಕಾಲದ ನೃತ್ಯವನ್ನಿಟ್ಟ. 1881ರ ಅಕ್ಟೋಬರ್ 30ರಂದು ವಾದ್ಯವೃಂದ ನಿರ್ದೇಶಕ ಎಡುಆರ್ಡ್ ನಪ್ರಾವ್ನಿಕ್ ಪೀಟರ್ಸ್‌ಬರ್ಗಿನಲ್ಲಿ ಸಾರ್ವಜನಿಕವಾಗಿ ಮೊದಲ ಬಾರಿ ಈ ಸೆರೆನೇಡ್ ನಡೆಸಿದಾಗ ಸಭಿಕರು ಈ ವಾಲ್ಟ್ಸನ್ನು ‘ಒನ್ಸ್ ಮೋರ್’ ಎಂದು ಮತ್ತೆ ನುಡಿಸಿಸಿದರು. ಮೂರನೆಯದು ಎಲಿಜಿ, ಶೋಕಛಾಯೆಯ ನಿಧಾನ ಭಾಗ. ಪೀಠಿಕೆ ಅವರೋಹಣವಾದರೆ ಇದು ತೊಡಗುವುದು ಮೆಲ್ಲನೆ ಹತ್ತುವ ಆರೋಹಣದಿಂದ. ನಡುವಿನಲ್ಲಿ ಉಳಿದವರು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಿದ್ದರೆ, ಅದರ ಮೇಲೆ ದೀರ್ಘ ಹಾಡು ಪಿಟೀಲಿನಿಂದ ಚೆಲ್ಲೊಗೆ ದಾಟುತ್ತದೆ.

ಈಗ ಶ್ರುತಿಗಳ ಲೆಕ್ಕ ನೋಡಬೇಕು. ಮೊದಲ ಭಾಗ ‘ಸಿ’ ಶ್ರುತಿಯದು. ವಾಲ್ಟ್ಸ್ ಅದರ ಪಂಚಮವಾದ ‘ಜಿ’ಯಲ್ಲಿದೆ. ಎಲಿಜಿ ‘ಜಿ’ಯ ಪಂಚಮವಾದ ‘ಡಿ’ಯಲ್ಲಿದೆ. ಸಂಗೀತ ಎರಡು ಹೆಜ್ಜೆ ಮನೆಯಿಂದ ದೂರ ಹೋಗಿದೆ. ಕೊನೆಯ ಭಾಗದ ಪೀಠಿಕೆ ಮರಳಿ ‘ಜಿ’ಗೆ ಇಳಿಯುತ್ತದೆ, ಅದರ ಮುಖ್ಯ ಭಾಗ ‘ಸಿ’ಗೆ. ಸ, ಪ, ಪಂಚಮದ ಪಂಚಮ, ಮತ್ತೆ ಪ, ಮತ್ತೆ ಸ. ಮೊಜಾರ್ಟ್ ಆರು ನಿಮಿಷದೊಳಗೆ ಮಾಡಿದ ಹೋಗಿಬರುವ ಪ್ರಯಾಣವನ್ನು ಚೈಕೋವ್‌ಸ್ಕಿ ಅರ್ಧ ಗಂಟೆಯ ಇಡೀ ಕೃತಿಗೆ ಹಾಸಿದ್ದಾನೆ. ಮೊದಲ ಭಾಗದಲ್ಲಿ ಅಲೆದಾಟ ಬೇಡವೆಂದು ಕೈಬಿಟ್ಟವನು ಅಲೆದಾಟಕ್ಕೆ ನಡುವಿನ ಎರಡು ಭಾಗಗಳನ್ನೇ ಬಿಟ್ಟುಕೊಟ್ಟಂತಿದೆ. ಪಿಟೀಲು ಮತ್ತು ವಿಯೋಲಾದ ತಂತಿಗಳನ್ನು ಪಾಶ್ಚಾತ್ಯರು ಶ್ರುತಿ ಮಾಡುವುದೂ ಪಂಚಮದಿಂದ ಪಂಚಮಕ್ಕೆ. ‘ಸಿ’, ‘ಜಿ’, ‘ಡಿ’ ಮೂರೂ ವಿಯೋಲಾ, ಚೆಲ್ಲೊಗಳ ಬಿಟ್ಟ ತಂತಿಗಳು. ಕೃತಿಯ ದಾರಿ ವಾದ್ಯದ ಮೈಮೇಲೆಯೇ ಇದೆ.

ಕೊನೆಯ ಭಾಗದ ಹೆಸರು ‘ರಷ್ಯದ ಧಾಟಿ’. ಪಿಟೀಲಿನ ಕುದುರೆಗೆ ಮ್ಯೂಟ್ ಎಂಬ ಪುಟ್ಟ ಅಡ್ಡಪಟ್ಟಿ ಸಿಕ್ಕಿಸಿ, ದನಿ ತಗ್ಗಿಸಿ, ವೋಲ್ಗಾ ನದಿಯಲ್ಲಿ ದೋಣಿ ಎಳೆಯುವವರ ಹಾಡಿನಿಂದ ಪೀಠಿಕೆ ಶುರುವಾಗುತ್ತದೆ. ಆ ಹಾಡಿನ ತುದಿಯ ಸ್ವರಗಳನ್ನೇ ಹಿಡಿದು ಜಗ್ಗಿದಂತೆ ಮಾಡಿ, ಒಮ್ಮೆಲೇ ಹಳ್ಳಿಯ ಕುಣಿತದ ಹಾಡಿಗೆ ಜಿಗಿತ. ಎದುರಿಗೆ ಚೆಲ್ಲೊಗಳು ಹಾಡುವ ಅಗಲವಾದ ಎರಡನೇ ಧಾಟಿ. ಕುಣಿತ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತು, ಕೃತಿಯ ಮೊಟ್ಟಮೊದಲ ಗಂಭೀರ ಪೀಠಿಕೆ ಪೂರ್ತಿ ತೂಕದಲ್ಲಿ ಮರಳುತ್ತದೆ.

ಇಲ್ಲಿಯೇ ಚೈಕೋವ್‌ಸ್ಕಿಯ ಕೈಚಳಕ. ಪೀಠಿಕೆಯ ಅವರೋಹಣದ ಸ್ವರಗಳು ಸ್ವಲ್ಪ ಸ್ವಲ್ಪವಾಗಿ ವೇಗ ಹಿಡಿಯುತ್ತವೆ. ಕೇಳುಕೇಳುತ್ತಲೇ ಅವು ಹಳ್ಳಿಯ ಕುಣಿತವಾಗಿಬಿಟ್ಟಿರುತ್ತವೆ. ಎರಡೂ ಒಂದೇ ಇಳಿಜಾರಿನ ಸ್ವರಗಳು, ವೇಗ ಮಾತ್ರ ಬೇರೆ. ಜನಪದದಿಂದ ಎತ್ತಿದ ಧಾಟಿಯ ಬೀಜವನ್ನು ಮೊದಲ ನಿಮಿಷದಲ್ಲೇ ಬಿತ್ತಿ, ಅದು ಗೊತ್ತಾಗದಂತೆ ಕೊನೆಯ ನಿಮಿಷದವರೆಗೂ ಕಾಯಿಸಿದ್ದಾನೆ. ಮೊಜಾರ್ಟನ ಕಾಲದಲ್ಲಿ ಬರುವ ಮಾರ್ಚೂ ಹೋಗುವ ಮಾರ್ಚೂ ಒಂದೇ ಆಗಿದ್ದರೆ, ಇಲ್ಲಿ ಬಂದವರು ಗಾಂಭೀರ್ಯದಿಂದ ಬಂದು ಕುಣಿಯುತ್ತ ಹೋಗುತ್ತಾರೆ.

ಎಡ್ವರ್ಡ್ ಎಲ್ಗರ್ 1892ರಲ್ಲಿ ಇದನ್ನೆಲ್ಲ ಹನ್ನೆರಡು ನಿಮಿಷಕ್ಕೆ ಇಳಿಸಿದ. ಇಂಗ್ಲೆಂಡಿನ ವೂಸ್ಟರ್ ಸೀಮೆಯಲ್ಲಿ ಪಿಟೀಲು ಪಾಠ ಹೇಳಿಕೊಂಡಿದ್ದ ಎಲ್ಗರ್ ಅಲ್ಲಿನ ಮಹಿಳೆಯರ ವಾದ್ಯವೃಂದದಿಂದ ತನ್ನ ಇ ಮೈನರ್ ಸೆರೆನೇಡನ್ನು ಮೊದಲು ನುಡಿಸಿದ. ಮೂರೇ ಭಾಗ. ಇಲ್ಲಿಯೂ ಬಾಗಿಲು ತೆಗೆಯುವುದು ವಿಯೋಲಾ, ತೊಟ್ಟಿಲ ಲಯದ ಒಂದು ಚಿಕ್ಕ ಮಿಡಿತದಿಂದ. ನಡುವಿನ ಲಾರ್ಗೆಟ್ಟೊ ಕೃತಿಯ ತಿರುಳು. ಮೂರನೇ ಭಾಗ ಅರ್ಧಕ್ಕೆ ಬರುವ ಹೊತ್ತಿಗೆ ಮೊದಲ ಭಾಗದ ಮಿಡಿತವೂ ಹಾಡೂ ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತವೆ.

ಈ ಕಟ್ಟಡವನ್ನು ಬೇಕೆಂದೇ ಮುರಿದವನೂ ಒಬ್ಬನಿದ್ದಾನೆ. ರಷ್ಯದಿಂದ ಅಮೆರಿಕಕ್ಕೆ ಹೋದ ನೃತ್ಯ ಸಂಯೋಜಕ ಜಾರ್ಜ್ ಬಾಲಂಚೀನ್. ಅಲ್ಲಿ ಆತನ ಮೊದಲ ಬ್ಯಾಲೆ ‘ಸೆರೆನೇಡ್’ ಚೈಕೋವ್‌ಸ್ಕಿಯ ಈ ಸಂಗೀತಕ್ಕೇ ರಚನೆಯಾಯಿತು. 1934ರ ಜೂನಿನಲ್ಲಿ ನ್ಯೂಯಾರ್ಕಿನ ವೈಟ್ ಪ್ಲೇನ್ಸ್‌ನಲ್ಲಿ ನೃತ್ಯಶಾಲೆಯ ವಿದ್ಯಾರ್ಥಿಗಳು ಅದನ್ನು ಮೊದಲು ಆಡಿ ತೋರಿಸಿದರು. ಪರದೆ ಎದ್ದಾಗ ಹದಿನೇಳು ಯುವತಿಯರು ನಿಂತಿರುತ್ತಾರೆ. ಆರಂಭದಲ್ಲಿ ಬಾಲಂಚೀನ್ ರಷ್ಯದ ಧಾಟಿಯ ಭಾಗವನ್ನು ಬಿಟ್ಟೇಬಿಟ್ಟಿದ್ದ. ವರ್ಷಗಳ ನಂತರ ಅದನ್ನು ಸೇರಿಸಿದರೂ ಎಲಿಜಿಗಿಂತ ಮುಂಚೆ ಇಟ್ಟ. ಆಗ ಶ್ರುತಿಗಳ ಕ್ರಮ ‘ಸಿ’, ‘ಜಿ’, ಮತ್ತೆ ‘ಸಿ’, ಕೊನೆಗೆ ‘ಡಿ’. ಮನೆಗೆ ಮರಳಿದ ಸಂಗೀತ ಮತ್ತೆ ಎದ್ದು ದೂರದ ಊರಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಬ್ಯಾಲೆಯ ದುಃಖಾಂತಕ್ಕೆ ಅದು ಸರಿಹೊಂದುತ್ತದೆ. ಆದರೆ ಬ್ಯಾಲೆ ನೋಡಿ ಬಂದವರು ಕಛೇರಿಯಲ್ಲಿ ಇದೇ ಕೃತಿ ಕೇಳಿದಾಗ, ಎಲಿಜಿಯ ನಂತರವೂ ಸಂಗೀತ ಇದೆಯಲ್ಲ ಎಂದು ಅಚ್ಚರಿಪಡುವಂತಾಗುತ್ತದೆ.

ಚೈಕೋವ್‌ಸ್ಕಿಗೆ ಇದ್ದ ಚಿಂತೆ ಬೇರೆಯದು: ಎಷ್ಟು ಮಂದಿ ನುಡಿಸುತ್ತಾರೆ? ವಾದಕರ ಸಂಖ್ಯೆ ಹೆಚ್ಚಿದ್ದಷ್ಟೂ ಕರ್ತೃವಿನ ಇಚ್ಛೆಗೆ ಹತ್ತಿರ ಎಂದು ಹಸ್ತಪ್ರತಿಯಲ್ಲೇ ಬರೆದಿಟ್ಟಿದ್ದ. ಪೀಠಿಕೆಯ ಆ ಭಾರದ ನಾದ ಹತ್ತಿಪ್ಪತ್ತು ಮಂದಿಯಿಂದ ಹೊರಡುವುದು ಕಷ್ಟ. 1891ರ ಮೇ ತಿಂಗಳಲ್ಲಿ ಆತ ಅಮೆರಿಕ ಪ್ರವಾಸದಲ್ಲಿ ಬಾಲ್ಟಿಮೋರಿಗೆ ಹೋದಾಗ ಅಲ್ಲಿದ್ದ ವಾದ್ಯವೃಂದದಲ್ಲಿ ಮೊದಲ ಪಿಟೀಲುಗಳು ನಾಲ್ಕೇ ನಾಲ್ಕು. ದಿನಚರಿಯಲ್ಲಿ ಅದನ್ನು ಉದ್ಗಾರದ ಜೊತೆ ಬರೆದುಕೊಂಡಿದ್ದಾನೆ. ಅಷ್ಟು ಚಿಕ್ಕ ತಂಡದಿಂದ ತನ್ನ ಮೂರನೇ ಸೂಟ್ ಎಂಬ ಹಲವು ಭಾಗಗಳ ಕೃತಿ ಆಗದ ಮಾತೆಂದು ಅದನ್ನು ಕೈಬಿಟ್ಟು, ಅದರ ಬದಲಿಗೆ ಆರಿಸಿಕೊಂಡದ್ದು ಈ ಸೆರೆನೇಡನ್ನೇ. ಆ ತಂಡದವರು ಮೊದಲು ನುಡಿಸಿ ನೋಡಿಯೂ ಇರಲಿಲ್ಲ. ಆತುರಾತುರವಾಗಿ ತಾಲೀಮು ಮುಗಿಸಿ ಕಛೇರಿ ನಡೆಸಿದ ಚೈಕೋವ್‌ಸ್ಕಿ ಮೂರು ದಿನಗಳ ಬಳಿಕ ಫಿಲಡೆಲ್ಫಿಯಾದಲ್ಲಿ ಮತ್ತೆ ಅದನ್ನೇ ನುಡಿಸಿದ.